ಅಗೆದವರು ಯಾರು, ಮುಚ್ಚಬೇಕಾದವರು ಯಾರು?

ಬೆಂಗಳೂರಿನಲ್ಲಿ ಮನೆ ಮುಂದಿನ ರಸ್ತೆ ಅಗೆದು, ಹಾಗೇ ಬಿಟ್ಟು ಹೋಗಿದ್ದಾರೆಯೇ? ದೂರು ಕೊಡುವ ಮುನ್ನ ಅಗೆದ ಜಾಗವನ್ನೊಮ್ಮೆ ಬಗ್ಗಿ ನೋಡಿ. ಹಳದಿ ಪೈಪಾದರೆ ಗ್ಯಾಸಿನದು. ನೀಲಿ ಗೆರೆಯ ಕಪ್ಪು ಪೈಪು ನೀರಿನದು. ಎರಡು ಬೆರಳು ದಪ್ಪದ ಕೊಳವೆ, ಹೆಚ್ಚಾಗಿ ಕಿತ್ತಳೆ ಬಣ್ಣದ್ದು, ಇಂಟರ್ನೆಟ್ ಕೇಬಲ್ಲಿನದು. ಇಟ್ಟಿಗೆಯೋ ಎಚ್ಚರಿಕೆ ಟೇಪೋ ಹೊದಿಸಿದ್ದರೆ ಅಡಿಯಲ್ಲಿ ಕರೆಂಟ್ ಕೇಬಲ್ ಇರಬಹುದು, ಕೈ ಹಾಕಬೇಡಿ. ಮುಚ್ಚಿದ ಮೇಲೆ ಈ ಗುರುತು ಸಿಗುವುದಿಲ್ಲ, ಈಗಲೇ ಫೋಟೊ ತೆಗೆದಿಡಿ.

ಅಗೆದವರೇ ಮುಚ್ಚಬೇಕು ಅಂದುಕೊಂಡರೆ ಅಲ್ಲೇ ಎಡವುತ್ತೇವೆ. ರಸ್ತೆ ಪಾಲಿಕೆಯದು (2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಜಾಗದಲ್ಲಿ ಐದು ಪಾಲಿಕೆಗಳಿವೆ). ಅಗೆಯುವ ಸಂಸ್ಥೆ ದುರಸ್ತಿ ಶುಲ್ಕ ಕಟ್ಟಿದ್ದರೆ ರಸ್ತೆ ಸರಿಪಡಿಸುವ ಹೊಣೆ ಪಾಲಿಕೆಗೆ ಬರುತ್ತದೆ. ತಾನೇ ಮುಚ್ಚಿಕೊಡುತ್ತೇನೆಂಬ ಷರತ್ತಿನ ಮೇಲೆ ಅನುಮತಿ ಪಡೆದಿದ್ದರೆ ಹೊಣೆ ಆ ಸಂಸ್ಥೆಯದೇ. ‘ಅವರನ್ನು ಕೇಳಿ, ಇವರನ್ನು ಕೇಳಿ’ ಎಂಬ ಅಲೆದಾಟ ಹುಟ್ಟುವುದು ಇಲ್ಲೇ. ಹಾಗಾಗಿ ವಾರ್ಡ್ ಎಂಜಿನಿಯರ್ ಬಳಿ ಅನುಮತಿ ಪತ್ರದ ಸಂಖ್ಯೆ, ಅಗೆಯಲು ಒಪ್ಪಿದ ಉದ್ದ, ಶುಲ್ಕ ಕಟ್ಟಿದ್ದಾರೋ ಇಲ್ಲವೋ, ಮುಗಿಸಬೇಕಾದ ದಿನಾಂಕ ಕೇಳಿ. ಹೇಳದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿಯ ಅರ್ಜಿ ಹಾಕಿ: ಒಂದೇ ವಿಷಯ, 150 ಪದದೊಳಗೆ. 30 ದಿನದಲ್ಲಿ ಉತ್ತರ ಬರಬೇಕು. ದೂರಿಗೆ ಪಾಲಿಕೆಯ 1533, ಜಲಮಂಡಳಿಯ 1916, ಬೆಸ್ಕಾಂನ 1912 ಇವೆ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಕಳೆದ ವರ್ಷವಷ್ಟೇ ಹಾಕಿದ ರಸ್ತೆಯಾದರೆ ಇನ್ನೊಂದು ತೊಡಕು. ನಿರ್ವಹಣಾ ಅವಧಿ (ರಸ್ತೆ ಹಾಕಿದವನೇ ದುರಸ್ತಿ ಮಾಡಿಕೊಡಬೇಕಾದ ಕಾಲ) ಬಾಕಿಯಿದ್ದರೂ, ಬೇರೆಯವರು ಅಗೆದ ಜಾಗಕ್ಕೆ ನಾನು ಹೊಣೆಯಲ್ಲ ಎಂದು ಹಳೆಯ ಗುತ್ತಿಗೆದಾರ ಕೈ ತೊಳೆದುಕೊಳ್ಳುತ್ತಾನೆ.

ಇನ್ನು ಮುಚ್ಚುವಾಗ ಎದುರೇ ನಿಂತು ನೋಡಿ. ಪೈಪಿನ ಸುತ್ತ ಮರಳು ಅಥವಾ ಎಂ-ಸ್ಯಾಂಡ್ ಬೀಳಬೇಕು. ಅದರ ಮೇಲೆ ಸುಮಾರು 150 ಮಿ.ಮೀ.ಗೆ ಒಂದೊಂದು ಪದರ, ಪ್ರತಿ ಪದರಕ್ಕೂ ಹದವಾಗಿ ನೀರು ಚಿಮುಕಿಸಿ ದಮ್ಮಸು. ಎಲ್ಲವನ್ನೂ ಒಟ್ಟಿಗೆ ಸುರಿದು ಜೆಸಿಬಿ ಬಕೆಟ್ಟಿನಲ್ಲಿ ನಾಲ್ಕು ಬಾರಿ ಕುಟ್ಟಿದರೆ ಮೇಲ್ಭಾಗ ಮಾತ್ರ ಗಟ್ಟಿಯಾಗುತ್ತದೆ. ಮೊದಲ ಮಳೆಗೆ ಅಡಿಯ ಮಣ್ಣು ಕುಸಿದು ಡಾಂಬರು ತೊಟ್ಟಿಲಿನಂತೆ ತಗ್ಗುತ್ತದೆ. ಹರಿದ ಅಂಚಿಗೇ ಡಾಂಬರು ಸುರಿಯುವುದೂ ತಪ್ಪು. ಎರಡೂ ಬದಿಯ ಅಂಚನ್ನು ಗಟ್ಟಿ ನೆಲ ಸಿಗುವವರೆಗೆ ನೆಟ್ಟಗೆ ಕತ್ತರಿಸಿ, ಜಲ್ಲಿ ಪದರ ಕೂರಿಸಿ, ಕತ್ತರಿಸಿದ ಗೋಡೆಗೂ ಎಮಲ್ಷನ್ (ಅಂಟು ಹಿಡಿಸುವ ತೆಳು ಡಾಂಬರು) ಬಳಿದ ಮೇಲೇ ಡಾಂಬರಿನ ಬಿಸಿ ಮಿಶ್ರಣ ಹಾಕಬೇಕು. ಬಳಿಯದಿದ್ದರೆ ಆ ಕೀಲಿನಲ್ಲೇ ನೀರು ಇಳಿಯುತ್ತದೆ.

ಫುಟ್‌ಪಾತಿನಲ್ಲಿ ಕಲ್ಲುಗಳನ್ನು ಸಿಮೆಂಟಿನಿಂದ ತೇಪೆ ಹಾಕಿ ಒಂದಿಂಚು ಎತ್ತರ ಬಿಟ್ಟರೆ ವಯಸ್ಸಾದವರು ಎಡವುತ್ತಾರೆ. ಚಪ್ಪಡಿ ಎತ್ತಿಸಿ ಅಡಿಯ ಚರಂಡಿಯನ್ನೂ ನೋಡಿ, ಉಳಿದ ಮಣ್ಣನ್ನು ಅಲ್ಲಿಗೇ ತಳ್ಳಿರುವುದುಂಟು.