ಹೊಳೆದಂಡೆಯ ರಾತ್ರಿಗೆ ಹಗುರ ಸೂರು: ಟಾರ್ಪಾಲು ಸಾಕೇ, ಟೆಂಟ್ ಬೇಕೇ?

ದೋಣಿಯಲ್ಲಿ ಹೋಗುವವರಿಗೆ ಭಾರದ ಚಿಂತೆ ಯಾಕೆ ಎಂದು ಕೇಳುವವರು ಬೇಸಿಗೆಯ ಕಾವೇರಿಯನ್ನು ನೋಡಿರುವುದಿಲ್ಲ. ಏಪ್ರಿಲ್ ಹೊತ್ತಿಗೆ ಕೊಡಗಿನ ಸಿದ್ದಾಪುರ, ನೆಲ್ಲಿಹುದಿಕೇರಿ ಕಡೆ ಹೊಳೆ ಇಳಿದು ಬಂಡೆಗಳು ಮೇಲೆದ್ದಿರುತ್ತವೆ. ಒಂದು ಮಡುವಿನಲ್ಲಿ ಕೆನೂ (ಹುಟ್ಟು ಹಾಕುವ ಹಗುರ ದೋಣಿ) ತೇಲಿಸಿದರೆ ಮುಂದಿನ ಬಂಡೆಸಾಲಿನಲ್ಲಿ ಇಳಿದು, ಸಾಮಾನು ಇಳಿಸಿ, ದೋಣಿಯನ್ನೂ ಹೊರಬೇಕು. ಹಾರಂಗಿ ಹಿನ್ನೀರಿನದು ಇನ್ನೊಂದು ಕಥೆ. ಜಲಾಶಯದ ಗರಿಷ್ಠ ಮಟ್ಟ 2,859 ಅಡಿ; ಬೇಸಿಗೆಯಲ್ಲಿ ನೀರು ಅದಕ್ಕಿಂತ ಬಹಳ ಕೆಳಗಿರುವುದರಿಂದ ನೀರಿಗೂ ಗಟ್ಟಿ ನೆಲಕ್ಕೂ ನಡುವೆ ಕೆಸರಿನ ಇಳಿಜಾರು. ಅಲ್ಲಿ ಐದು ಕಿಲೋ ಟೆಂಟ್ ಹೊತ್ತು ಹತ್ತುವಾಗ ಲೆಕ್ಕ ತಾನಾಗಿ ತಿಳಿಯುತ್ತದೆ.

ಇನ್ನು ಮಳೆ. ಕಾಫಿ ಬೆಳೆಗಾರರು ಗಿಡದ ಹೂ ಅರಳಿಸುವ ಹೂಮಳೆಗೆ ಕಾಯುವ ದಿನಗಳಿಂದ ಮುಂಗಾರಿನವರೆಗೆ ಕೊಡಗಿನಲ್ಲಿ ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ, ಗುಡುಗಿನೊಂದಿಗೆ ಬರುತ್ತದೆ. ಮೊದಲು ಗಾಳಿ, ಹಿಂದೆಯೇ ಓರೆ ಮಳೆ, ಒಮ್ಮೊಮ್ಮೆ ಆಲಿಕಲ್ಲು. ಸಾಮಾನ್ಯವಾಗಿ ಗಂಟೆಯೊಳಗೆ ಮುಗಿಯಿತು. ಆಮೇಲೆ ಸೆಕೆ, ಸೊಳ್ಳೆ, ಬೆಳಗಿನ ಜಾವಕ್ಕೆ ಇಬ್ಬನಿ. ಅಂದರೆ ಇಲ್ಲಿ ಬೇಕಾದದ್ದು ಒಂದು ಗಂಟೆ ಗಾಳಿಗೆ ಜಗ್ಗದ, ಉಳಿದ ಇರುಳಿಗೆ ಗಾಳಿಯಾಡುವ ಸೂರು. ಕಡಿಮೆ ಬೆಲೆಯ ಗುಮ್ಮಟ ಟೆಂಟ್ ಎರಡರಲ್ಲೂ ಸೋಲುತ್ತದೆ. ಅದೇ ದುಡ್ಡಿಗಿಂತ ಕಡಿಮೆಯಲ್ಲಿ ಟಾರ್ಪಾಲು ಮತ್ತು ಸೊಳ್ಳೆಪರದೆ ಎರಡನ್ನೂ ಗೆಲ್ಲಿಸುತ್ತವೆ.

ಹಾಳೆ ಆರಿಸುವುದು

ಇಬ್ಬರಿಗೆ 3 ಮೀಟರ್ ಅಗಲ, 4 ಮೀಟರ್ ಉದ್ದದ ಹಾಳೆ ಸರಿಯಾದ ಅಳತೆ. ಕಾಫಿ, ಮೆಣಸು ಒಣಗಿಸಲು ಕಣಕ್ಕೆ ಹಾಸುವ ಪ್ಲಾಸ್ಟಿಕ್ ಟಾರ್ಪಾಲು ಕೊಡಗಿನ ಯಾವ ಪೇಟೆಯಲ್ಲೂ ಸಿಗುತ್ತದೆ. ಅಂಗಡಿಯಲ್ಲಿ ಬಣ್ಣ ನೋಡಬೇಡಿ, ಜಿಎಸ್ಎಂ ಕೇಳಿ. ಚದರ ಮೀಟರಿಗೆ ಎಷ್ಟು ಗ್ರಾಂ ಎಂಬ ಲೆಕ್ಕ ಅದು. 90 ಜಿಎಸ್ಎಂ ಆದರೆ ಈ ಅಳತೆಯ ಹಾಳೆ 1.08 ಕಿಲೋ, 120 ಆದರೆ 1.44 ಕಿಲೋ, 200 ಆದರೆ 2.4 ಕಿಲೋ. 120ರದ್ದು ಕೊಳ್ಳಿ. 90ರದ್ದು ಗಾಳಿಗೆ ಅಂಚಿನಲ್ಲಿ ಹರಿಯುತ್ತದೆ. 200ರದ್ದು ಕಣಕ್ಕೇ ಇರಲಿ. ಸಿಲಿಕೋನ್ ಲೇಪದ ನೈಲಾನ್ ಹಾಳೆ ಅರ್ಧ ಕಿಲೋ ಆಸುಪಾಸಿನಲ್ಲಿ ಮುಗಿಯುತ್ತದೆ ನಿಜ, ಆದರೆ ಬೆಲೆ ಹಲವು ಪಟ್ಟು, ಮೇಲಾಗಿ ನೆನೆದಾಗ ಹಿಗ್ಗಿ ಜೋಲುತ್ತದೆ. ಮೊದಲ ಸಲಕ್ಕೆ ಅದು ಬೇಡ.

ತೋಟದಲ್ಲಿ ಬಿದ್ದಿರುವ ಹಳೆಯ ಟಾರ್ಪಾಲು ಪುಕ್ಕಟೆ ಸಿಕ್ಕರೆ ಬಿಸಿಲಿಗೆ ಹಿಡಿದು ನೋಡಿ. ಸೂಜಿಮೊನೆಯಷ್ಟು ಬೆಳಕು ಕಂಡಲ್ಲೆಲ್ಲ ನೀರು ತೊಟ್ಟಿಕ್ಕುತ್ತದೆ. ಒಂದು ಮೂಲೆ ಮಡಚಿ ಉಗುರಿನಿಂದ ಗೀರಿದಾಗ ಪುಡಿ ಉದುರಿದರೆ ಬಿಸಿಲು ಅದನ್ನು ಆಗಲೇ ತಿಂದಿದೆ ಎಂದರ್ಥ.

ಈ ಹಾಳೆಗಳ ದೌರ್ಬಲ್ಯ ಇರುವುದು ಅಂಚಿನ ಲೋಹದ ಕಣ್ಣುಗಳಲ್ಲಿ. ಮೊದಲ ಜೋರು ಗಾಳಿಗೇ ಅವು ಕಿತ್ತು ಬರುತ್ತವೆ, ಹರುಕು ಅಲ್ಲಿಂದಲೇ ಶುರುವಾಗುತ್ತದೆ. ಪರಿಹಾರಕ್ಕೆ ದುಡ್ಡೇ ಬೇಡ. ಅಡಿಕೆ ಗಾತ್ರದ ನುಣುಪು ಹೊಳೆಗಲ್ಲನ್ನು ಅಂಚಿನಿಂದ ಒಂದು ಗೇಣು ಒಳಗೆ ಹಾಳೆಯ ಅಡಿಯಲ್ಲಿಟ್ಟು, ಮೇಲಿನಿಂದ ಹಾಳೆಯ ಸಮೇತ ಹಿಡಿದು, ಕಲ್ಲಿನ ಕುತ್ತಿಗೆಗೆ ಹಗ್ಗ ಎರಡು ಸುತ್ತು ಬಿಗಿಯಿರಿ. ಎಳೆತ ಒಂದು ತೂತಿನ ಬದಲು ಅಂಗೈ ಅಗಲಕ್ಕೆ ಹಂಚಿಹೋಗುತ್ತದೆ. ನಾಲ್ಕು ಮೂಲೆಗೆ, ಉದ್ದದ ಎರಡೂ ಅಂಚುಗಳ ನಡುವೆ ಒಂದೊಂದು, ಒಟ್ಟು ಆರು ಕಲ್ಲು. ಚೂಪು ಕಲ್ಲು ಹಾಕಿದರೆ ಅದೇ ಹಾಳೆಯನ್ನು ಕೊಯ್ಯುತ್ತದೆ.

ಹಗ್ಗ 4 ಮಿಲಿಮೀಟರ್ ದಪ್ಪದ್ದು 25 ಮೀಟರ್ ಸಾಕು: ನಡುಹಗ್ಗಕ್ಕೆ 10 ಮೀಟರ್, ಎಳೆಹಗ್ಗಕ್ಕೆ ಎರಡೂವರೆ ಮೀಟರಿನ ಆರು ತುಂಡು. ಪಾಲಿಯೆಸ್ಟರ್ ಸಿಕ್ಕರೆ ನೈಲಾನ್ ಬೇಡ, ಒದ್ದೆಯಾದಾಗ ಕಡಿಮೆ ಸಡಿಲುತ್ತದೆ. ಜೊತೆಗೆ ಇಬ್ಬರು ಮಲಗುವ ಸೊಳ್ಳೆಪರದೆ, 2 × 1.5 ಮೀಟರಿನ ನೆಲಹಾಳೆ, ಎಂಟು ಗೂಟ. ಎಲ್ಲ ಸೇರಿ ಎರಡೂವರೆ ಕಿಲೋ ಆಸುಪಾಸು.

ಜಾಗ ನೋಡುವುದು

ದುಬಾರೆ ಬದಿಯ ದಡ ಮೀಸಲು ಅರಣ್ಯ. ಅಲ್ಲಿ ಅನುಮತಿಯಿಲ್ಲದೆ ತಂಗುವಂತಿಲ್ಲ. ಹಿನ್ನೀರಿಗೂ ಮೊದಲೇ ಕೇಳಿಯೇ ಹೋಗಬೇಕು. ಉಳಿದಂತೆ ದಡ ಯಾರದೋ ತೋಟ, ಯಾರದೋ ಗದ್ದೆ. ಮಾಲೀಕರ ಒಪ್ಪಿಗೆ ಪಡೆಯುವಾಗಲೇ ಎರಡು ಮಾತು ಕೇಳಿ: ಆನೆ ಯಾವ ಕಡೆಯಿಂದ ನೀರಿಗಿಳಿಯುತ್ತದೆ, ಇವತ್ತು ರಾತ್ರಿ ಸ್ಪ್ರಿಂಕ್ಲರ್ ಓಡುತ್ತದೆಯೇ? ಎರಡನೆಯದು ತಮಾಷೆಯಲ್ಲ. ಕಾಫಿ ಹೂ ಅರಳಿಸಲು ಹೊಳೆಗೆ ಪಂಪಿಟ್ಟು ನೀರು ಹಾಯಿಸುವ ದಿನಗಳಲ್ಲಿ ಆಕಾಶ ಶುಭ್ರವಾಗಿದ್ದರೂ ನೆನೆಯಬಹುದು.

ಆನೆದಾರಿಯಿಂದ ದೂರ ಇರಿ. ಹಣ್ಣು ಬಿಟ್ಟ ಹಲಸಿನ ಮರದ ಹತ್ತಿರವಂತೂ ಬೇಡವೇ ಬೇಡ. ಆ ವಾಸನೆಗೆ ಆನೆ ಬಂದೇ ಬರುತ್ತದೆ. ಅಕ್ಕಿ, ಹಣ್ಣು, ಉಪ್ಪು ಯಾವುದನ್ನೂ ಸೂರಿನಡಿ ಇಡಬೇಡಿ. ನೀರಿನ ಮಟ್ಟದಿಂದ ಕನಿಷ್ಠ ಆಳೆತ್ತರ ಮೇಲೆ ಜಾಗ ಮಾಡಿ, ನೀರಂಚಿನಲ್ಲಿ ಒಂದು ಕಡ್ಡಿ ನೆಟ್ಟಿಡಿ. ನಿಮ್ಮಲ್ಲಿ ಹನಿ ಬೀಳದಿದ್ದರೂ ಭಾಗಮಂಡಲ, ನಾಪೋಕ್ಲು ಕಡೆ ಸುರಿದದ್ದು ಇಲ್ಲಿ ಬಂದು ಏರುತ್ತದೆ. ದೋಣಿಯನ್ನೂ ಅಷ್ಟೇ ಎತ್ತರಕ್ಕೆ ತಂದು, ಕವುಚಿ, ಮರಕ್ಕೆ ಕಟ್ಟಿ.

ಹಗ್ಗ ಕಟ್ಟುವ ಮರ ಯಾವುದು ಎಂಬುದರಲ್ಲಿ ಹೊರಗಿನಿಂದ ಬಂದವರು ಎಡವುತ್ತಾರೆ. ತೋಟದ ಸಿಲ್ವರ್ ಓಕ್ ನೆಟ್ಟಗಿರುತ್ತದೆ, ಸಾಲಾಗಿರುತ್ತದೆ, ಆದರೆ ಬುಡದಿಂದ ತುದಿವರೆಗೆ ಮೆಣಸಿನ ಬಳ್ಳಿ. ಬಳ್ಳಿಯ ಮೇಲೆ ಹಗ್ಗ ಬಿಗಿದರೆ ಮಾಲೀಕರ ಫಸಲಿಗೇ ಕುತ್ತು. ಗಾಳಿಗೆ ಅದರ ಕೊಂಬೆಯೂ ಮುರಿದು ಬೀಳುತ್ತದೆ. ಹಾಲುವಾಣದ ಮರ ಇನ್ನೂ ಮೆದು, ಭಾರ ತಾಳದು. ಬಳ್ಳಿಯಿಲ್ಲದ, ತಲೆಯ ಮೇಲೆ ಒಣಕೊಂಬೆ ಇಲ್ಲದ ಎರಡು ಗಟ್ಟಿ ಮರ ಸಿಗದಿದ್ದರೆ ದೋಣಿಯ ಎರಡು ಹುಟ್ಟುಗಳನ್ನೇ ಕಂಬ ಮಾಡಿ. ಬಯಲಿನ ಒಂಟಿಮರದ ಕೆಳಗೆ ಮಾತ್ರ ಬೇಡ. ಸಿಡಿಲಿಗೆ ಟಾರ್ಪಾಲೂ ಅಷ್ಟೇ, ಟೆಂಟೂ ಅಷ್ಟೇ. ಗುಡುಗು ಕೇಳಿಸಿದರೆ ಕಟ್ಟಡಕ್ಕೋ ಕಾರಿಗೋ ಹೋಗಿ, ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಕಾಯಿರಿ.

ಕಟ್ಟುವುದು

ಮೊದಲು ನಡುಹಗ್ಗ. ಒಂದು ಮರಕ್ಕೆ ಕುಣಿಕೆ ಹಾಕಿ, ಇನ್ನೊಂದಕ್ಕೆ ಲಾರಿಯವರು ಹೊರೆ ಬಿಗಿಯುವ ಗಂಟಿನಿಂದ ಎಳೆದು ನಿಲ್ಲಿಸಿ. ಎತ್ತರ 1.3 ಮೀಟರ್, ಅಂದರೆ ಎದೆಮಟ್ಟ. ಹಾಳೆಯ 4 ಮೀಟರ್ ಉದ್ದ ಹಗ್ಗದ ಗುಂಟ ಬರುವಂತೆ ಹೊದಿಸಿ, ಎರಡೂ ಅಂಚನ್ನು ನೆಲದಿಂದ 20 ಸೆಂಟಿಮೀಟರ್ ಮೇಲೆ ಎಳೆದು ಕಟ್ಟಿ. ಒಳಗೆ ಎರಡು ಮೀಟರ್ ಅಗಲ ಸಿಗುತ್ತದೆ. ಮಲಗಲು ಉದ್ದದಲ್ಲಿ ಎರಡು ಮೀಟರ್ ಸಾಕು. ತಲೆಗೆ, ಕಾಲಿಗೆ ಉಳಿಯುವ ಒಂದೊಂದು ಮೀಟರ್ ಓರೆ ಮಳೆಯ ಪಾಲು. ಗಾಳಿ ಬರುವ ದಿಕ್ಕಿನ ಅಂಚನ್ನು ಮೋಡ ಕವಿಯುವಾಗಲೇ ನೆಲಕ್ಕೆ ತಾಗುವಂತೆ ಇಳಿಸಿಬಿಡಿ.

ಮರಳಿನಲ್ಲಿ ಗೂಟ ನಿಲ್ಲುವುದಿಲ್ಲ. ಒಂದು ಮೊಳದ ಕಟ್ಟಿಗೆಯ ನಡುವಿಗೆ ಹಗ್ಗ ಕಟ್ಟಿ, ಎಳೆತಕ್ಕೆ ಅಡ್ಡವಾಗಿ 30 ಸೆಂಟಿಮೀಟರ್ ಆಳಕ್ಕೆ ಹೂತು ತುಳಿಯಿರಿ. ನಡುಹಗ್ಗದ ಗುಂಟ ನೀರು ಹರಿದು ಒಳಗೆ ಬರುವುದು ಇನ್ನೊಂದು ಕಾಟ. ಹಾಳೆಯ ಎರಡೂ ತುದಿಯ ಹೊರಗೆ ಹಗ್ಗಕ್ಕೆ ಬಟ್ಟೆಯ ಚಿಂದಿ ಕಟ್ಟಿದರೆ ನೀರು ಅಲ್ಲೇ ಇಳಿಯುತ್ತದೆ. ನೆಲಹಾಳೆ ಸೂರಿನಿಂದ ಹೊರಗೆ ಇಣುಕಿದರೆ ಮೇಲಿನ ನೀರೆಲ್ಲ ಹಾಸಿಗೆಯಡಿಗೆ. ಪರದೆಯ ಅಂಚನ್ನು ನೆಲಹಾಳೆಯ ಅಡಿಗೆ ಸಿಕ್ಕಿಸಿ, ಬೇಸಿಗೆಯ ಒಣ ಹುಲ್ಲಿನಲ್ಲಿ ಉಣ್ಣೆಹುಳು ಇರುತ್ತದೆ.

ಹ್ಯಾಮಕ್ (ಎರಡು ಮರಗಳ ನಡುವೆ ಕಟ್ಟಿ ಮಲಗುವ ಜೋಲಿ) ಇಷ್ಟಪಡುವವರು ಮರಕ್ಕೆ ಸುತ್ತುವ ಪಟ್ಟಿ ಎರಡೂವರೆ ಸೆಂಟಿಮೀಟರಿಗಿಂತ ಅಗಲದ್ದು ತರಲಿ, ತೊಗಟೆ ಉಳಿಯುತ್ತದೆ. ಪಟ್ಟಿ ಅಡ್ಡಗೆರೆಯಿಂದ 30 ಡಿಗ್ರಿ ಇಳಿಜಾರಿನಲ್ಲಿದ್ದರೆ 80 ಕಿಲೋ ತೂಕದವರಿಗೆ ಪ್ರತಿ ಮರದ ಮೇಲಿನ ಎಳೆತವೂ 80 ಕಿಲೋ. ಬಿಗಿದು 15 ಡಿಗ್ರಿಗೆ ತಂದರೆ 155 ಕಿಲೋಗೆ ಏರುತ್ತದೆ. ಹರಿದು ಬೀಳುವುದು ಹೆಚ್ಚಾಗಿ ಈ ಬಿಗಿತದಿಂದಲೇ.

ಟೆಂಟೇ ಬೇಕೆಂದರೆ ಹೊರಹೊದಿಕೆ ನೆಲದವರೆಗೆ ಬರುವಂಥದ್ದು, ಕನಿಷ್ಠ 2,000 ಮಿಲಿಮೀಟರ್ ಎತ್ತರದ ನೀರಿನ ಒತ್ತಡ ತಡೆಯುವ ಬಟ್ಟೆಯದು ಆರಿಸಿ. ನೆತ್ತಿಗೆ ಮಾತ್ರ ಟೋಪಿ ಹಾಕಿದಂಥದ್ದು ಇಲ್ಲಿನ ಓರೆ ಮಳೆಗೆ ಆಗದು. ಫೈಬರ್ ಕೋಲು ಸೀಳಿದರೆ ತೊಡಿಸಲು ಒಂದು ಗೇಣು ಲೋಹದ ಕೊಳವೆ ಜೊತೆಗಿರಲಿ.

ಮನೆಗೆ ಬಂದ ಮೇಲೆ ಕೆಸರು ತೊಳೆದು, ಕಲ್ಲು ಬಿಚ್ಚಿ, ನೆರಳಿನಲ್ಲಿ ಪೂರ್ತಿ ಒಣಗಿಸಿ ಸುತ್ತಿಡಿ. ಹಸಿಯಾಗಿ ಮಡಚಿಟ್ಟ ಟೆಂಟಿನ ಒಳಲೇಪ ಅಂಟಂಟಾಗಿ ಸುಲಿಯುತ್ತದೆ. ಜೂನ್ ಹಿಡಿದರೆ ಕೊಡಗಿನಲ್ಲಿ ಯಾವುದೂ ಒಣಗದು, ಹಾಗಾಗಿ ಈ ಕೆಲಸ ಮೇ ಮುಗಿಯುವುದರೊಳಗೇ ಆಗಬೇಕು. ಅಟ್ಟಕ್ಕೆ ಹಾಕುವಾಗ ಅನ್ನದ ಅಗುಳು ಅಂಟಿದೆಯೇ ನೋಡಿ. ಇಲಿ ಅದೊಂದಕ್ಕಾಗಿ ಹಾಳೆಯನ್ನೇ ಕಡಿಯುತ್ತದೆ.