ಮಳೆಯಲ್ಲೇ ತೋಟ ಸುತ್ತಿದ ಲೆಕ್ಕ

ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರಿಸುವ ಕೊಳೆರೋಗಕ್ಕೆ ಯಾವ ಔಷಧಿ ಹಿಡಿಯಿತು ಎಂದು ಕೊಯ್ಲಿನ ಹೊತ್ತಿಗೆ ಕೇಳಿದರೆ ಜಗಳವೇ ಗಟ್ಟಿ. ತೀರ್ಥಹಳ್ಳಿ ಸೀಮೆಯಲ್ಲಿ ಗೊಬ್ಬರ, ಔಷಧಿಯ ಅಂಗಡಿ ಇಟ್ಟುಕೊಂಡು ಎರಡೂವರೆ ಎಕರೆ ಅಡಿಕೆಯನ್ನೂ ನೋಡಿಕೊಳ್ಳುವ ನನಗೆ ಇದು ವರ್ಷವರ್ಷದ ಪಾಡು. ಕಾಯಿ ಉಳಿದರೆ ದೇವರ ದಯೆ, ಉದುರಿದರೆ ನಾನು ಕೊಟ್ಟ ಮೈಲುತುತ್ತ (ತಾಮ್ರದ ಸಲ್ಫೇಟ್) ಕಲಬೆರಕೆ! ಬೇಸತ್ತು, ಮಳೆಗಾಲದಲ್ಲೇ ಗಿರಾಕಿಗಳ ತೋಟಕ್ಕೆ ಇಳಿದು ಮರದ ಬುಡದಲ್ಲಿ ಬಿದ್ದ ಕಾಯಿ ಎಣಿಸಲು ಶುರುಮಾಡಿದೆ. “ಅಲ್ಲ ಮಾರಾಯ, ಆರಿದ್ರಾ ಮಳೆಯಲ್ಲಿ ಜಗುಲಿಯಿಂದ ಇಳಿಯುವವರಿಲ್ಲ, ನೀನು ಉದುರು ಎಣಿಸಲು ಹೊರಟಿದ್ದೀಯಾ?” ಎಂದು ನಕ್ಕವರೇ ಹೆಚ್ಚು. ಈ ವರ್ಷ ಅವರೇ ಮೇ ತಿಂಗಳಲ್ಲಿ ಅಂಗಡಿಗೆ ಬಂದು “ನಿನ್ನ ಪುಸ್ತಕ ತೆಗೆ, ನೋಡುವ” ಎಂದರು.

ಮೊದಲ ವರ್ಷ ಕೈಗೆ ಏನೂ ಹತ್ತಲಿಲ್ಲ. ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿ ಎಂದಿದ್ದೆ. ಕೆಲವರು ತೋಟದ ಅತಿ ಚಂದದ ಕೊನೆಯದ್ದು, ಅಂದರೆ ಅಡಿಕೆ ಗೊಂಚಲಿನದ್ದು, ಕಳಿಸಿದರು, ಉಳಿದವರು ಹಾಳಾದ ಒಂದೇ ಮರವನ್ನು ನಾಲ್ಕು ಕಡೆಯಿಂದ ತೆಗೆದು ಕಳಿಸಿದರು. ಮರುವರ್ಷ ಖುದ್ದು ಹೋಗಿ ಮರಗಳಿಗೆ ಸುಣ್ಣದ ಪಟ್ಟಿ ಬಳಿದೆ. ಪುನರ್ವಸು ಮಳೆ ಅದನ್ನು ತೊಳೆದು, ಯಾವ ಮರ ಎಣಿಸಿದ್ದೆ ಎಂಬುದೇ ತಿಳಿಯದಂತಾಯಿತು. ಈಗ ಹಳದಿ ಪೇಂಟು. ಒಂದು ತೋಟದಲ್ಲಂತೂ ಬುಡ ಸ್ವಚ್ಛ, ಲೆಕ್ಕ ಸೊನ್ನೆ. ಎಂಥ ಔಷಧಿ ಎಂದು ಹಿಗ್ಗುವಷ್ಟರಲ್ಲಿ ಮನೆಯ ಅಮ್ಮ ಹೇಳಿದರು, ಆಳುಗಳು ಬೆಳಿಗ್ಗೆಯೇ ಉದುರು ಹೆಕ್ಕಿ ಬುಟ್ಟಿ ತುಂಬಿಸಿದ್ದರಂತೆ. ಅಂದಿನಿಂದ ಗುರುತಿನ ಮರಗಳ ಬುಡ ಮುಟ್ಟಬಾರದು ಎಂದು ಮೊದಲೇ ಒಪ್ಪಂದ. ಎಣಿಸಿದ ಕಾಯಿಯನ್ನು ನಾನೇ ಚೀಲಕ್ಕೆ ತುಂಬಿ ತೋಟದ ಹೊರಗೆ ಸಾಗಿಸುತ್ತೇನೆ. ಲೆಕ್ಕ ಎರಡು ಸಲ ಆಗುವುದಿಲ್ಲ, ರೋಗವೂ ಅಷ್ಟು ಕಡಿಮೆ ಹರಡುತ್ತದೆ.

ನಿಜವಾಗಿ ದುಡ್ಡು ತಿಂದದ್ದು ಔಷಧಿ ಹೊಡೆಯದೆ ಬಿಡುವ ಮರಗಳು. ಅವು ಇಲ್ಲದಿದ್ದರೆ ಹೋಲಿಸುವುದು ಯಾವುದಕ್ಕೆ? ಆದರೆ ಐದು ಮರ ಬಿಡಿ ಎಂದರೆ ಯಾವ ತೋಟದವನು ಒಪ್ಪುತ್ತಾನೆ? ಪಕ್ಕದ ಮರಗಳಿಗೂ ಹತ್ತುತ್ತದೆ ಎಂಬ ಅವರ ಹೆದರಿಕೆ ಸುಳ್ಳಲ್ಲ. ಕೊನೆಗೆ ಮರಕ್ಕೆ ಐನೂರು ರೂಪಾಯಿ ಮುಂಗಡ ಕೈಗಿಟ್ಟು ಒಪ್ಪಿಸಿದೆ. ಹತ್ತು ತೋಟಕ್ಕೆ ಇಪ್ಪತ್ತೈದು ಸಾವಿರದಷ್ಟು ಹೋಯಿತು, ಬೈಕಿನ ಪೆಟ್ರೋಲಿಗೆ ಏಳೆಂಟು ಸಾವಿರ. ಮನೆಯಲ್ಲಿ ನಡೆದ ಮಾತುಕತೆ ಇಲ್ಲಿ ಬೇಡ. ಆ ಐದು ಮರಗಳನ್ನು ತೋಟದ ಯಾವ ಮಗ್ಗುಲಲ್ಲಿ ಆರಿಸುತ್ತೇನೆ ಎಂಬುದನ್ನೂ ಹೇಳುವುದಿಲ್ಲ. ಅಂಗಡಿ ನಡೆಯಬೇಕಲ್ಲ.

ಹತ್ತು ಹನ್ನೆರಡು ದಿನಕ್ಕೊಮ್ಮೆ ಹೋಗುತ್ತೇನೆ, ಮೃಗಶಿರಾ ಮಳೆಯಿಂದ ಮಘೆ ಮಳೆಯವರೆಗೆ, ಅಂದರೆ ಜೂನ್‌ನಿಂದ ಆಗಸ್ಟ್ ಕೊನೆಯವರೆಗೆ. ಮಳೆಗೆ ತಲೆಯಿಂದ ಹೊದೆಯುವ ಕೊಪ್ಪೆ, ಇಂಬಳಕ್ಕೆ (ಜಿಗಣೆಗೆ) ಸುಣ್ಣ ಹೊಗೆಸೊಪ್ಪು, ಪ್ಲಾಸ್ಟಿಕ್ ಚೀಲದಲ್ಲಿ ಪುಸ್ತಕ, ಒಂದು ಹಳೆಯ ದುರ್ಬೀನು. ದುರ್ಬೀನನ್ನು ನೋಡಿ ಊರೆಲ್ಲ ನಕ್ಕಿತು, ಆದರೆ ಅರ್ಧ ಗುಟ್ಟು ಬಿಟ್ಟುಕೊಟ್ಟದ್ದು ಅದೇ. ಐವತ್ತು ಅಡಿ ಮೇಲಿನ ಕೊನೆಯ ಮೇಲೆ ಬೋರ್ಡೊದ, ಅಂದರೆ ಮೈಲುತುತ್ತ ಸುಣ್ಣ ಬೆರೆಸಿದ ಔಷಧಿಯ, ತಿಳಿನೀಲಿ ಕಲೆ ಉಳಿದಿದೆಯೇ ಎಂದು ಕೆಳಗಿನಿಂದಲೇ ಕಾಣುತ್ತದೆ. ಒಂದೊಂದು ಮರದಲ್ಲಿ ಕೊನೆಯ ಒಂದು ಮೈ ಮಾತ್ರ ನೀಲಿ. ಹೊಡೆಯುವವನು ಪಕ್ಕದ ಮರದಲ್ಲಿ ಕುಳಿತೇ ಇದಕ್ಕೂ ಸಿಡಿಸಿರುತ್ತಾನೆ, ಹಿಂದಿನ ಮೈಯ ಕಾಯಿಗಳು ಬರಿದಾಗಿ ಉಳಿದಿರುತ್ತವೆ. ಎತ್ತರದ ಮರಗಳ ನಡುವಿನ ಗಿಡ್ಡ ಮರಗಳಿಗೂ ಇದೇ ಗತಿ. ಬೈಸಿಕೊಳ್ಳುವುದು ಮಾತ್ರ ಔಷಧಿ.

ಉದುರಿದ್ದೆಲ್ಲ ಕೊಳೆಯಲ್ಲ ಎಂಬುದು ನಿಮಗೂ ಗೊತ್ತು. ತೊಟ್ಟಿನ ಹತ್ತಿರ ನೀರು ಕುಡಿದಂತೆ ಕಡುಹಸಿರಾದ ಕಾಯಿಯಲ್ಲಿ ಅನುಮಾನವಿಲ್ಲ. ಅನುಮಾನದ ಕಾಯಿಗಳನ್ನು ಒದ್ದೆ ಕಾಗದದ ಜೊತೆ ಕವರಿನಲ್ಲಿ ಕಟ್ಟಿ ಅಂಗಡಿಯ ಮೂಲೆಯಲ್ಲಿಟ್ಟೆ. ಎರಡು ಮೂರು ದಿನದಲ್ಲಿ ಬಿಳಿ ಬೂಸಲು ಕಾಯಿಯನ್ನೆಲ್ಲ ಮುಚ್ಚಿದರೆ ಕೊಳೆ ಎಂದು ಬರೆದುಕೊಂಡೆ. ವಾಸನೆಗೆ ಗಿರಾಕಿಗಳು ಹೊರಗೆ ನಿಂತೇ ಸಾಮಾನು ಕೇಳಿದರು.

ಈ ನಡುವೆ ಒಂದು ತೋಟದಲ್ಲಿ ಹಳೆಯವರಂತೆ ಕೊನೆಗಳಿಗೆ ಮಳೆ ತಾಗದಂತೆ ಕೊಟ್ಟೆ (ಹೊದಿಕೆ) ಕಟ್ಟಿಸಿಯೂ ನೋಡಿದೆ, ಕರಡದ ಹುಲ್ಲಿನ ಬದಲು ಪ್ಲಾಸ್ಟಿಕ್. ಕೊಳೆ ಹತ್ತಿರವೂ ಸುಳಿಯಲಿಲ್ಲ. ಕೂಲಿ ಕೇಳಿದ ಮೇಲೆ ಇಡೀ ತೋಟಕ್ಕೆ ಕಟ್ಟಿಸುವ ಆಸೆ ಬಿಟ್ಟೆ. ಸುಣ್ಣದ್ದು ಬೇರೆ ಕಥೆ. ಕಳೆದ ವರ್ಷದ ಚೀಲದಲ್ಲಿ ಗಾಳಿ ಕುಡಿದು ಸತ್ತ ಸುಣ್ಣವನ್ನು ತೂಕಕ್ಕೆ ಸರಿಯಾಗಿ ಹಾಕಿದರೂ, ದ್ರಾವಣಕ್ಕೆ ಅದ್ದಿದ ಕತ್ತಿಯ ಅಲಗು ತಾಮ್ರದ ಬಣ್ಣಕ್ಕೆ ತಿರುಗುತ್ತಿತ್ತು, ಅಂದರೆ ಮೈಲುತುತ್ತಕ್ಕೆ ಸುಣ್ಣ ಸಾಲದು. ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದಲ್ಲಿ ಕೊಳೆಗೆ ಬೋರ್ಡೊ ಹೊಡೆಯಲು ಕಲಿಸಿ ನೂರು ವರ್ಷ ದಾಟಿತು, ನಾವು ಇನ್ನೂ ಸುಣ್ಣದಲ್ಲೇ ಎಡವುತ್ತಿದ್ದೇವೆ.

ಈಗ ಪುಸ್ತಕದ ಲೆಕ್ಕ. ಔಷಧಿ ಹೊಡೆಯದೆ ಬಿಟ್ಟ ಮರಗಳಲ್ಲಿ ಆಶ್ಲೇಷ ಮಳೆಯ (ಆಗಸ್ಟ್ ಮೊದಲ ಭಾಗದ) ಹೊತ್ತಿಗೆ ಸುಮಾರು ಅರ್ಧ ಕಾಯಿ ನೆಲದಲ್ಲಿತ್ತು. ಮೇ ಕೊನೆಗೆ ಔಷಧಿಯ ಮೊದಲ ಸುತ್ತು, ನಲವತ್ತು ದಿನದ ಆಸುಪಾಸಿನಲ್ಲಿ ಎರಡನೆಯದು ಮುಗಿಸಿದ ಕಡೆ ಹೋದದ್ದು ನೂರಕ್ಕೆ ನಾಲ್ಕೈದು. ಬಿಸಿಲು ಬರಲಿ ಎಂದು ಕಾದು ಎರಡನೆಯದನ್ನು ಅರವತ್ತು ದಿನಕ್ಕೆ ತಳ್ಳಿದವರದ್ದು ಇಪ್ಪತ್ತರ ಮೇಲೆ, ಔಷಧಿ ಅದೇ, ಅಂಗಡಿಯೂ ನನ್ನದೇ. ದುಬಾರಿ ಡಬ್ಬಿ ಔಷಧಿ ಕೊಂಡು ತಡಮಾಡಿದವರು ಕೂಡ ಸೋತರು, ಆ ಡಬ್ಬಿಯಲ್ಲಿ ನನಗೆ ಲಾಭ ಹೆಚ್ಚಾದರೂ ಹೇಳಲೇಬೇಕು. ಎಕರೆಗೆ ಒಂದು ಸುತ್ತಿಗೆ ಐದಾರು ಸಾವಿರ ಖರ್ಚಾಗುವಾಗ ಇಪ್ಪತ್ತು ದಿನದ ತಡ ಎಷ್ಟು ನುಂಗಿತು ಎಂದು ಅವರೇ ಗುಣಿಸಿಕೊಂಡರು.

ಈ ಸಲ ಎರಡು ತೋಟಗಳಲ್ಲಿ ಅರ್ಧಕ್ಕೆ ಕೊನೆಗೌಡ (ಮರ ಹತ್ತುವ ಕೆಲಸದವನು) ಹತ್ತಿ ಹೊಡೆಯುತ್ತಾನೆ, ಇನ್ನರ್ಧಕ್ಕೆ ನೆಲದಿಂದಲೇ ಕಾರ್ಬನ್ ದೋಟಿಯಲ್ಲಿ (ಉದ್ದ ಕೋಲಿನಲ್ಲಿ). ಬಿಡುವ ಮರಕ್ಕೆ ಈಗ ಆರುನೂರು ಕೇಳುತ್ತಿದ್ದಾರೆ. ಐನೂರೈವತ್ತಕ್ಕೆ ಇಳಿಸಿದ್ದೇನೆ.