ಪೈಥಾನ್‌ನಲ್ಲಿ ‘ಓಎಂಪಿ ಎರರ್ 15’ ಬಂದರೆ

ಹಾಸನ, ಚಿಕ್ಕಮಗಳೂರು ಕಡೆ ಕಾಫಿ ಎಲೆ ಫೋಟೋದಿಂದ ತುಕ್ಕು ರೋಗ ಗುರುತಿಸುವ ಪ್ರಾಜೆಕ್ಟ್ ಮಾಡುತ್ತಿರುವವರು ಗಮನಿಸಿ: ನಂಪೈ (ಲೆಕ್ಕಾಚಾರದ ಲೈಬ್ರರಿ), ಪೈಟಾರ್ಚ್ (ಮಷೀನ್ ಲರ್ನಿಂಗ್ ಲೈಬ್ರರಿ) ಒಟ್ಟಿಗೆ ಇಂಪೋರ್ಟ್ ಮಾಡಿದಾಗ ‘ಓಎಂಪಿ ಎರರ್ 15’ ಅಂತ ತೋರಿಸಿ ಪ್ರೋಗ್ರಾಂ ಬಿದ್ದುಹೋದರೆ, ಹಳೇ ಎನ್ವಿರಾನ್‌ಮೆಂಟ್ (ಪ್ರಾಜೆಕ್ಟಿನ ಪೈಥಾನ್ ಪ್ಯಾಕೇಜುಗಳು ಇರುವ ಜಾಗ) ರಿಪೇರಿ ಮಾಡುತ್ತಾ ಕೂರಬೇಡಿ. ಹೊಸದೊಂದು ಮಾಡಿ, ಎಲ್ಲಾ ಪ್ಯಾಕೇಜನ್ನೂ ಕಾಂಡಾ-ಫೋರ್ಜ್ (ಕಾಂಡಾ ಅನ್ನೋ ಇನ್‌ಸ್ಟಾಲರ್ ಪ್ಯಾಕೇಜ್ ತರುವ ಒಂದು ಭಂಡಾರ) ಒಂದರಿಂದಲೇ ಹಾಕಿಕೊಳ್ಳಿ. ಅರ್ಧ ಕಾಂಡಾ, ಅರ್ಧ ಪಿಪ್ (ಪೈಥಾನ್‌ನ ಇನ್ನೊಂದು ಇನ್‌ಸ್ಟಾಲರ್) ಮಾಡಿದಾಗ ಓಪನ್‌ಎಂಪಿ ಅನ್ನೋ ಥ್ರೆಡಿಂಗ್ ಲೈಬ್ರರಿಯ (ಲೆಕ್ಕವನ್ನು ಥ್ರೆಡ್‌ಗಳಾಗಿ ಹಂಚಿ ಒಟ್ಟಿಗೆ ನಡೆಸುವಂಥದ್ದು) ಎರಡು ಪ್ರತಿ ಒಂದೇ ಪ್ರೋಗ್ರಾಂಗೆ ಬಂದು ಸೇರುತ್ತವೆ. ಒಂದೇ ಅಡುಗೆಮನೆಯಲ್ಲಿ ಇಬ್ಬರು ಯಜಮಾನರಿದ್ದ ಹಾಗೆ, ಥ್ರೆಡ್‌ಗಳನ್ನು ಯಾರು ನಡೆಸಬೇಕು ಅನ್ನೋದೇ ಗೊಂದಲ. ಒಂದೇ ಕಡೆಯಿಂದ ಹಾಕಿದರೆ ಎಲ್ಲವೂ ಒಂದೇ ಪ್ರತಿಯನ್ನು ಹಂಚಿಕೊಳ್ಳುತ್ತವೆ. ಎರಡು ಪ್ರತಿ ಇದ್ದರೂ ಮುಂದುವರಿಯಲು ಬಿಡುವ ‘ಕೆಎಂಪಿ ಡೂಪ್ಲಿಕೇಟ್ ಲಿಬ್ ಓಕೆ’ ಅನ್ನೋ ಸೆಟ್ಟಿಂಗನ್ನು ಟ್ರೂ ಮಾಡಿ ಅಂತ ತುಂಬಾ ಜನ ಹೇಳುತ್ತಾರೆ. ಕೆಲಸ ಆಗುತ್ತೆ ನಿಜ, ಆದರೆ ಸದ್ದಿಲ್ಲದೆ ತಪ್ಪು ಉತ್ತರ ಬರಬಹುದು ಅಂತ ಆ ಎರರ್ ಮೆಸೇಜಿನಲ್ಲೇ ಬರೆದಿರುತ್ತೆ, ಪೂರ್ತಿ ಓದಿ. ರೋಗ ಇಲ್ಲದ ಎಲೆಗೆ ರೋಗ ಅಂತ ಬಂದರೆ ತೋಟದವರು ಸುಮ್ನೆ ಔಷಧಿ ಹೊಡೆಯಬೇಕಾಗುತ್ತೆ, ಅಲ್ವಾ? ಎಲ್ಲವನ್ನೂ ಪಿಪ್‌ನಿಂದಲೇ ಹಾಕಿದರೆ, ಒಂದೇ ಕಡೆಯಿಂದ ಹಾಕುವ ಈ ಉಪಾಯ ಕೈಕೊಡಬಹುದು. ಅಲ್ಲಿ ಕೆಲವು ಪ್ಯಾಕೇಜು ತನ್ನದೇ ಓಪನ್‌ಎಂಪಿ ಪ್ರತಿಯನ್ನು ಹೊತ್ತು ತರುತ್ತದೆ. ಅನುಮಾನ ಇದ್ದರೆ ಥ್ರೆಡ್‌ಪೂಲ್‌ಸಿಟಿಎಲ್ ಅನ್ನೋ ಪೈಥಾನ್ ಪ್ಯಾಕೇಜ್ ಹಾಕಿಕೊಂಡು, ನಿಮ್ಮ ಲೈಬ್ರರಿಗಳ ಹೆಸರು ಕೊಟ್ಟು ಓಡಿಸಿ. ಯಾವ ಫೋಲ್ಡರಿನಿಂದ ಯಾವ ಓಪನ್‌ಎಂಪಿ ಲೋಡ್ ಆಗಿದೆ ಅಂತ ಫೈಲ್‌ಪಾತ್ ಸಮೇತ ತೋರಿಸುತ್ತೆ. ಲಿನಕ್ಸ್‌ನಲ್ಲಿ ‘ಲಿಬ್‌ಓಎಂಪಿ’, ‘ಲಿಬ್‌ಐಓಎಂಪಿ’ ಅನ್ನೋ ಎರಡು ಬಗೆಯ ಓಪನ್‌ಎಂಪಿ ಒಟ್ಟಿಗೆ ಕಂಡರೆ ತೊಂದರೆಯನ್ನು ಅಲ್ಲೇ ಹುಡುಕಿ. ಮೆಮೊರಿ ಸಾಲದೆ ಬೀಳುವ ಪ್ರೋಗ್ರಾಂಗೆ ಮಾತ್ರ ಇದರಿಂದ ಉಪಯೋಗ ಇಲ್ಲ.